ಸಂಡೂರಿನ ಕಣಿವೆಯಲ್ಲಿ ಎರಡು ದಿನ

ಭಾದ್ರಪದದ ಮಳೆ ಬಿಡುವು ಕೊಟ್ಟ ಎರಡು ದಿನ ನಾವು ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿದ್ದೆವು. 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿಯವರು ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದರೆಂದು ಪ್ರತೀತಿ. ಆ ಮಾತಿನ ಸತ್ಯ ನಮಗೆ ಮೊದಲ ಬೆಳಗಿನಲ್ಲಿಯೇ ಮನದಟ್ಟಾಯಿತು. ಎರಡು ಬೆಟ್ಟಸಾಲುಗಳ ನಡುವೆ ಊರು ತೊಟ್ಟಿಲ ಕೂಸಿನಂತೆ ಮಲಗಿತ್ತು. ಮಂಜು ಇನ್ನೂ ಸರಿದಿರಲಿಲ್ಲ. ಬೆಟ್ಟಗಳನ್ನು ಸೀಳಿದ ಭೀಮಗಂಡಿ, ಉಬ್ಬಳಗಂಡಿಗಳೇ ಈ ಕಣಿವೆಯ ಹೆಬ್ಬಾಗಿಲುಗಳು.

ಘೋರ್ಪಡೆ ಮನೆತನದ ಈ ಪುಟ್ಟ ಸಂಸ್ಥಾನವು 1949ರಲ್ಲಿ ಭಾರತದಲ್ಲಿ ವಿಲೀನವಾಯಿತು. ಇಲ್ಲಿಯ ಮಣ್ಣು ಕೆಂಪಾಗಿರುವುದು ಕಬ್ಬಿಣದಿಂದ. ಮ್ಯಾಂಗನೀಸ್ ಅಗೆತ ಇಪ್ಪತ್ತನೆಯ ಶತಮಾನದ ಆದಿಯಿಂದಲೇ ನಡೆದುಬಂದಿದೆ. 1954ರಲ್ಲಿ ಸಂಡೂರಿನದೇ ಕಂಪನಿ ಸ್ಥಾಪನೆಗೊಂಡಿತು; ದೋಣಿಮಲೆಯಲ್ಲಿ ಸರ್ಕಾರಿ ಸಂಸ್ಥೆಯ ಅದಿರಿನ ಗಣಿಯೂ ಬಂದಿತು. ಅನ್ನ ಕೊಟ್ಟ ಬೆಟ್ಟವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಈ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆ ಏರಿದಂತೆ ಎಲ್ಲೆಯೂ ಲೆಕ್ಕವೂ ಮಾಯವಾದವು. ರಸ್ತೆಯ ಬದಿಯ ಜೋಳದ ಗರಿಗಳ ಮೇಲೆ ಕೆಂಧೂಳು ಕುಳಿತದ್ದನ್ನು ನಾವೇ ಆಗ ಬಸ್ಸಿನ ಕಿಟಕಿಯಿಂದ ಕಂಡಿದ್ದೆವು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು; 2013ರಲ್ಲಿ ವರ್ಷಕ್ಕಿಷ್ಟೇ ಎಂಬ ಮಿತಿ ಹಾಕಿ ನಿಯಮಬದ್ಧ ಗಣಿಗಳಿಗೆ ಮಾತ್ರ ದಾರಿ ತೆರೆಯಿತು. ಲಾರಿಗಳು ಇಂದಿಗೂ ಇವೆ. ಈಗ ಅವುಗಳ ನಡುವೆಯೇ ಬೆನ್ನಿಗೆ ಚೀಲ ಹೊತ್ತ ತರುಣರು ಚಾರಣಕ್ಕೆ ಬರುತ್ತಾರೆ. ನಮ್ಮೊಡನೆ ಬೆಟ್ಟವೇರಿದ ಅಂಥ ಒಬ್ಬ ಹುಡುಗ, "ಅಜ್ಜಾರ, ಕೋಲು ಹಿಡೀರಿ" ಎಂದು ತನ್ನದನ್ನೇ ಕೊಟ್ಟ. ಮೊಳಕಾಲು ನೋವಿದ್ದರೂ ನಾವು ಮೇಲೆ ಮುಟ್ಟಿದೆವು. ಒಂದು ಕಡೆ ಕಾಡು, ಇನ್ನೊಂದು ಕಡೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕೆಂಪು ಬೆಟ್ಟ. ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ.

ಮರುದಿನ ಕುಮಾರಸ್ವಾಮಿಯ ಪುರಾತನ ಗುಡಿಗೆ ಹೋದೆವು. ತಾಯಿ ಪಾರ್ವತಿಯೊಡನೆ ಮುನಿದು ಬಂದ ಮಗ ಇಲ್ಲಿ ನೆಲೆಸಿದನೆಂದು ಸ್ಥಳಪುರಾಣ. ಪಕ್ಕದಲ್ಲಿಯೇ ಪಾರ್ವತಿಯ ಗುಡಿಯಿದೆ. ಸಂಡೂರಿನ ಅರಸರು ದೇವಾಲಯಗಳನ್ನು ಹರಿಜನರಿಗೆ ತೆರೆದದ್ದು 1936ರ ತಿರುವಾಂಕೂರಿನ ಘೋಷಣೆಗಿಂತಲೂ ಮೊದಲು. ಗಾಂಧೀಜಿಯವರಿಗೆ ಈ ಊರು ಪ್ರಿಯವಾದದ್ದು ಅದಕ್ಕಾಗಿ. ಆದರೂ ಮಗನ ಮುನಿಸಿನ ನೆಪದಲ್ಲಿ ಸ್ತ್ರೀಯರಿಗೆ ಆತನ ದರ್ಶನವಿಲ್ಲವೆಂಬ ಸಂಪ್ರದಾಯ ಬೆಳೆದು ಬಂದಿತು. ಅಕ್ಕನನ್ನು ಕಂಡ ನಾಡಿನಲ್ಲಿ ಇದೇಕೆಂದು ನಾವು ಕೇಳದಿರಲಾರೆವು.

ಹಿಂದಿರುಗುವಾಗ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯ ಒಂದು ಚೀಲ ಕೊಂಡೆವು. 2010ರಲ್ಲಿ ಭೌಗೋಳಿಕ ಗುರುತು ಪಡೆದ ಕಲೆಯಿದು. ಹೊಸಪೇಟೆಯ ಬಸ್ಸು ಹತ್ತಿದಾಗ ನಮ್ಮ ಬಿಳಿಯ ಧೋತರದ ಅಂಚು ಕೆಂಪಾಗಿತ್ತು. ಎರಡು ಬಾರಿ ಒಗೆದರೂ ಆ ಬಣ್ಣ ಪೂರ್ತಿ ಹೋಗಲಿಲ್ಲ.