ಹಿರಿಯ ಹಡಗು, ಕಿರಿಯ ದೋಣಿ

ನೆಲದ ಮೇಲೆ ಬಾಳುವ ನಮಗೆ ದಾರಿಯೆಂಬುದು ಕಣ್ಣಿಗೆ ಕಾಣುವ ವಸ್ತು. ಅದಕ್ಕೊಂದು ಅಂಚಿದೆ, ತಿರುವಿದೆ. ಕಡಲಿನಲ್ಲಿ ಹಾಗಿಲ್ಲ. ಅಲ್ಲಿ ಕಣ್ಣು ಹಾಯಿಸಿದತ್ತಲೆಲ್ಲ ದಾರಿಯೇ ಎಂದು ತೋರುತ್ತದೆ. ಆದರೆ ಬಂದರಿಗೆ ಬರುವ ಭಾರಿ ಹಡಗಿಗೆ ನೀರಿನಡಿಯ ಆಳವಾದ ಕಾಲುವೆಯೊಂದೇ ದಾರಿ. ಅದನ್ನು ಬಿಟ್ಟು ಪಕ್ಕಕ್ಕೆ ಸರಿದರೆ ಅದರ ತಳ ಕೆಸರಿಗೆ ತಾಗುತ್ತದೆ. ವಿಶಾಲ ಸಾಗರದಲ್ಲಿ ದೊಡ್ಡದಕ್ಕೇ ಸ್ವಾತಂತ್ರ್ಯ ಕಡಿಮೆ ಎಂಬ ಈ ಮಾತು ನಮ್ಮಂತಹ ಬಯಲುಸೀಮೆಯವರಿಗೆ ಬೇಗ ಹೊಳೆಯುವುದಿಲ್ಲ.

ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ದ್ವೀಪ ಸುಮಾರು 10 ಕಿಲೋಮೀಟರ್ ದೂರದಲ್ಲಿದೆ. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಅಲ್ಲಿನ ಶಿವನ ಗುಹಾಲಯಗಳನ್ನು ನೋಡಲು ನಮ್ಮ ಕಡೆಯ ಕುಟುಂಬಗಳೂ ಹೋಗುತ್ತವೆ. ಮೋಟಾರು ದೋಣಿಯಲ್ಲಿ ಒಂದು ತಾಸಿನ ಪ್ರಯಾಣ. ದಾರಿಯಲ್ಲಿ ಲಂಗರು ಹಾಕಿ ನಿಂತ ಹಡಗುಗಳಿರುತ್ತವೆ. ಜವಾಹರ ದ್ವೀಪದಲ್ಲಿ ಕಚ್ಚಾ ತೈಲವನ್ನು ಇಳಿಸಲು ಬರುವ ಟ್ಯಾಂಕರ್ ಹಡಗುಗಳೂ ಇರುತ್ತವೆ.

ನಾನು ಮೊಮ್ಮಗನೊಡನೆ ಹೋದ ದಿನ ಅಂತಹದೊಂದು ಹಡಗು ನಮ್ಮ ಬಲಗಡೆಯಿಂದ ಬರುತ್ತಿತ್ತು. ಮೊದಲು ಅದು ನಿಂತಂತೆಯೇ ಕಂಡಿತು. ನೋಡುನೋಡುತ್ತಿದ್ದಂತೆ ಕಪ್ಪು ಗೋಡೆಯಂತೆ ಬೆಳೆಯಿತು. ದೋಣಿಯಲ್ಲಿ ಮಾತು ನಿಂತಿತು. ಹುಡುಗ ನನ್ನ ತೋಳು ಹಿಡಿದು, "ಅಜ್ಜಾ, ಅವ್ರಿಗೆ ನಾವು ಕಾಣಂಗಿಲ್ಲೇನು?" ಎಂದ.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮುಂದೆ ನೌಕಾಯಾನದ ನಿಯಮಗಳನ್ನು ತರಿಸಿಕೊಂಡು ಓದಿದೆ. ಟ್ಯಾಂಕರಿನ ಚಾಲಕರ ಕೋಣೆ ಹಿಂಭಾಗದಲ್ಲಿರುತ್ತದೆ. ಮುಂದಿನ ಉದ್ದನೆಯ ಅಟ್ಟವು ಹತ್ತಿರದ ನೀರನ್ನು ಮರೆಮಾಡುತ್ತದೆ. ಈ ಮರೆಯು ಹಡಗಿನ ಉದ್ದದ ಎರಡರಷ್ಟು ಅಥವಾ 500 ಮೀಟರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. ಅಂದರೆ ಅಷ್ಟರೊಳಗೆ ಸಿಕ್ಕ ದೋಣಿ ಅವರ ಕಣ್ಣಿಗೆ ಬೀಳದೆ ಹೋಗಬಹುದು. ಕಂಡರೂ ಕೂಡಲೇ ನಿಲ್ಲಿಸುವಂತಿಲ್ಲ. ತುಂಬಿದ ದೊಡ್ಡ ಹಡಗು ವೇಗದಲ್ಲಿದ್ದಾಗ ನಿಲ್ಲಲು ಕಿಲೋಮೀಟರುಗಳೇ ಬೇಕು. ಆದ್ದರಿಂದಲೇ 1972ರಲ್ಲಿ ರೂಪುಗೊಂಡು 1977ರಲ್ಲಿ ಜಾರಿಗೆ ಬಂದ ನಿಯಮಾವಳಿಯು, 20 ಮೀಟರಿಗಿಂತ ಚಿಕ್ಕದಾದ ದೋಣಿಯು ಇಕ್ಕಟ್ಟಾದ ಕಾಲುವೆಯಲ್ಲಿ ಸಾಗುವ ಹಡಗಿಗೆ ಅಡ್ಡಿಯಾಗಬಾರದೆಂದು ವಿಧಿಸಿದೆ. ಹಡಗು ಐದು ಬಾರಿ ಚುಟುಕಾಗಿ ಸಿಳ್ಳು ಹಾಕಿದರೆ, 'ನಿಮ್ಮ ಉದ್ದೇಶ ನಮಗೆ ತಿಳಿಯುತ್ತಿಲ್ಲ' ಎಂದರ್ಥ.

ನಮ್ಮ ದೋಣಿಯ ತಾಂಡೇಲರು ನಿಯಮದ ಪುಸ್ತಕವನ್ನು ಓದಿದ್ದರೋ ಇಲ್ಲವೋ, ಅದರ ತಿರುಳು ಅವರ ಕೈಯಲ್ಲಿತ್ತು. ಚಪ್ಪರದ ಒಂದು ಕಂಬಕ್ಕೆ ನೇರವಾಗಿ ಹಡಗನ್ನು ಇಟ್ಟುಕೊಂಡು ಅವರು ನೋಡುತ್ತಿದ್ದರು. ನಮ್ಮ ದೋಣಿ ಒಂದೇ ದಿಕ್ಕಿಗೆ ಸಾಗುತ್ತಿರುವಾಗ ಹಡಗು ಕಂಬದಿಂದ ಆಚೀಚೆ ಸರಿದರೆ ಸಾಮಾನ್ಯವಾಗಿ ಅಪಾಯವಿಲ್ಲ; ಸರಿಯದೆ ಅಲ್ಲಿಯೇ ದೊಡ್ಡದಾಗುತ್ತಿದ್ದರೆ ಎರಡೂ ಒಂದೇ ಬಿಂದುವಿನತ್ತ ಸಾಗುತ್ತಿವೆ ಎಂದು ತಿಳಿಯಬೇಕು. ಅಂದು ಅದು ಸರಿಯಲಿಲ್ಲ. ಅವರು ಬೇಗನೆ ಎಂಜಿನ್ನಿನ ವೇಗವನ್ನು ತಗ್ಗಿಸಿ, ದೂರದವರಿಗೂ ಸ್ಪಷ್ಟವಾಗಿ ಕಾಣುವಂತೆ ದೋಣಿಯನ್ನು ಬಲಕ್ಕೆ ತಿರುಗಿಸಿ, ಹಡಗು ಸಾಗಿಹೋದ ಬಳಿಕ ಅದರ ಹಿಂದಿನಿಂದ ಹಾಯ್ದರು. ಅದು ಎಬ್ಬಿಸಿದ ಅಲೆಗಳಿಗೆ ಮಗ್ಗುಲು ಕೊಡದೆ ಮೂತಿಯನ್ನೇ ಒಡ್ಡಿದರು. ದೋಣಿ ನಾಲ್ಕಾರು ಸಲ ಎದ್ದು ಬಿದ್ದು ಸಮನಾಯಿತು.

ದೊಡ್ಡವರಿಗೆ ದಾರಿ ಬಿಡುವುದು ಅಂಜಿಕೆಯೆಂದು ಕೆಲವರು ಬಗೆಯುತ್ತಾರೆ. ತಾಂಡೇಲರ ಮುಖದಲ್ಲಿ ಅಂಜಿಕೆಯಿರಲಿಲ್ಲ, ಹಟವೂ ಇರಲಿಲ್ಲ. ಸುಲಭವಾಗಿ ತಿರುಗಬಲ್ಲವನು ತಿರುಗಬೇಕು, ಕಾಣಬಲ್ಲವನು ಕಾಣಬೇಕು ಎಂಬ ಅರಿವಿತ್ತು. ಹಡಗಿಗೆ ನಮ್ಮ ಮೇಲೆ ಹಗೆಯಿಲ್ಲ. ಅದರ ಗಾತ್ರವೇ ಅದಕ್ಕೆ ಸಂಕೋಲೆ. ಮನೆಯಲ್ಲಿಯೂ ಹೀಗಲ್ಲವೇ? ವಯಸ್ಸಿನ ಭಾರದಿಂದ ತಿರುಗಲಾರದ ಹಿರಿಯರಿಗೆ ಕಿರಿಯರು ತುಸು ಸರಿದು ದಾರಿ ಕೊಟ್ಟರೆ ಸೋತಂತಾಗುವುದಿಲ್ಲ. ಹಾಗೆಯೇ ಹಿರಿಯರೂ ತಮ್ಮ ಕಣ್ಣಿಗೆ ಮರೆಯಾದ ಚಿಕ್ಕವರು ಮುಂದೆ ಇರಬಹುದೆಂಬುದನ್ನು ನೆನೆಯಬೇಕು.

12ನೆಯ ಶತಮಾನದ ಅಂಬಿಗರ ಚೌಡಯ್ಯನವರು ದೋಣಿ ನಡೆಸುವ ಕಾಯಕದಲ್ಲಿದ್ದುಕೊಂಡೇ ಶರಣರಾದವರು. ನಂಬಿ ಕುಳಿತವರನ್ನು ದಡ ಸೇರಿಸುವ ಹೊಣೆ ಎಷ್ಟು ದೊಡ್ಡದೆಂಬುದು ನೀರಿನ ಮೇಲೆ ಕುಳಿತಾಗಲೇ ಮನದಟ್ಟಾಗುತ್ತದೆ. ಮಕ್ಕಳೊಡನೆ ದೋಣಿ ಏರುವ ತಾಯಿತಂದೆಯರು ಲೈಫ್ ಜಾಕೆಟ್ ಕೇಳಿ ತೊಡಿಸಲಿ. ಜನ ಹೆಚ್ಚಾಗಿದ್ದರೆ ಮುಂದಿನ ದೋಣಿಗೆ ಕಾಯಲಿ. ಹಡಗು ಕಂಡಾಗ ಎಲ್ಲರೂ ಒಂದೇ ಮಗ್ಗುಲಿಗೆ ನುಗ್ಗದಿರಲಿ. ಅಂಬಿಗನು ತನ್ನ ಕಾಯಕವನ್ನು ನೆಮ್ಮದಿಯಿಂದ ಮಾಡುವಂತೆ ಕುಳಿತಿರುವುದು ಪ್ರಯಾಣಿಕರ ಪಾಲಿನ ಕಾಯಕ.