ಪ್ರಶ್ನೆಚಿಹ್ನೆಗಳಾದ ಹನ್ನೊಂದು ಪದಗಳು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ - ಈ ನಾಲ್ಕು ತಾಲ್ಲೂಕುಗಳಲ್ಲಿ ಮೇಷ್ಟರಾಗಿ ದುಡಿದ ನಾನು, ‘ಅಕ್ಷರ’ವೆಂದರೆ ಅಳಿಯದ್ದು ಎಂದು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಆ ನಂಬಿಕೆ ಅಲುಗಾಡಿದ ಪ್ರಸಂಗವಿದು.

ನಾಗಮಂಗಲದಲ್ಲಿ ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಹಳ್ಳಿಯ ಅಜ್ಜಿಯರಿಂದ ಸೋಬಾನೆ ಪದಗಳನ್ನು ಬರೆದುಕೊಂಡಿದ್ದರು. ಅವರು ತೀರಿಕೊಂಡ ಮೇಲೆ, 2004ರಲ್ಲಿ, 40 ಪದಗಳನ್ನು ‘ನುಡಿ’ಯಲ್ಲಿ ಬೆರಳಚ್ಚು ಮಾಡಿಟ್ಟೆ. 2015ರಲ್ಲಿ ಹೊಸ ಗಣಕಯಂತ್ರದಲ್ಲಿ ಆ ಕಡತ ತೆರೆದರೆ ಕನ್ನಡವೇ ಇಲ್ಲ! ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ ‘ಪಿ’, ‘ನ’ ಇರಬೇಕಾದಲ್ಲಿ ಪೌಂಡ್ ನಾಣ್ಯದ ಗುರುತು.

ಹಳೆಯ ಶಿಷ್ಯನೊಬ್ಬ ಕಾರಣ ತಿಳಿಸಿದ. ಗಣಕಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಅಂದಿನ ಫಾಂಟುಗಳು ರೋಮನ್ ಅಕ್ಷರಗಳ ಸಂಖ್ಯೆಗಳ ಮೇಲೆ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟು ಇಲ್ಲವಾದರೆ ವೇಷ ಕಳಚುತ್ತಿತ್ತು. ಕೆ.ಆರ್. ಪೇಟೆಯ ಹಾಜರಿ ಪುಸ್ತಕದ 17ನೆಯ ಹುಡುಗನೇ ಬೇರೆ, ನಾಗಮಂಗಲದ 17ನೆಯ ಹುಡುಗಿಯೇ ಬೇರೆ! ಯೂನಿಕೋಡಿನಲ್ಲಾದರೋ ‘ಕ’ಕಾರಕ್ಕೆ 3221 ಎಂಬ ಸ್ವಂತ ಸಂಖ್ಯೆಯಿದೆ. ಯುಟಿಎಫ್-8 ಪದ್ಧತಿಯಲ್ಲಿ ಅದನ್ನು 224, 178, 149 ಎಂಬ ಮೂರು ಬೈಟುಗಳಾಗಿ ಬರೆದಿಡುತ್ತಾರೆ.

ಶಿಷ್ಯ ಪದಗಳನ್ನು ಯೂನಿಕೋಡಿಗೆ ತಿರುಗಿಸಿಕೊಟ್ಟ. ಅಕಾರಾದಿ ಸೂಚಿ ಮಾಡಲು ಪೈಥಾನ್ ಭಾಷೆಯಲ್ಲೊಂದು ಕ್ರಮವಿಧಿಯನ್ನೂ ಬರೆದ. ಅವನ ಲಿನಕ್ಸ್ ಯಂತ್ರದಲ್ಲಿ ಅದು ಸರಾಗವಾಗಿ ನಡೆಯಿತು. ಅಷ್ಟರಲ್ಲಿ ನಾನು ಅಜ್ಜಿಯೊಬ್ಬರಿಂದ ಇನ್ನೂ 11 ಪದಗಳನ್ನು ಕೇಳಿ ಬರೆದು, ಕಡತಕ್ಕೆ ಸೇರಿಸಿ, ಹಾಳೆಗಳನ್ನು ಬಚ್ಚಲೊಲೆಗೆ ಹಾಕಿದ್ದೆ. ನನ್ನ ವಿಂಡೋಸ್ ಯಂತ್ರದಲ್ಲಿ ಆ ಕ್ರಮವಿಧಿ ಮೊದಲನೆಯ ಕೊಂಬಿನ ಬಳಿಯೇ ಮುಗ್ಗರಿಸಿತು. ಲಿನಕ್ಸ್ ಕಡತವನ್ನು ಯುಟಿಎಫ್-8 ಎಂದು ಓದಿದರೆ, ವಿಂಡೋಸ್‌ನಲ್ಲಿ ಪೈಥಾನ್ 1252 ಎಂಬ ಪಾಶ್ಚಾತ್ಯ ಪಟ್ಟಿಯನ್ನು ಹಿಡಿದು ಓದುತ್ತಿತ್ತು. ‘ಉ’ಕಾರದ ಕೊಂಬಿನ ಕೊನೆಯ ಬೈಟಿಗೆ ಆ ಪಟ್ಟಿಯಲ್ಲಿ ಸ್ಥಾನವೇ ಇಲ್ಲ. ಓದುವ ಪಟ್ಟಿ ಯಾವುದೆಂದು ಒಂದು ಮಾತು ಸೇರಿಸಿದ್ದರೆ ಸಾಕಿತ್ತು.

ನಾನು ಶಿಷ್ಯನನ್ನು ಕೇಳಲಿಲ್ಲ. ಕಡತವನ್ನೇ ಹಳೆಯ ಬಗೆಯಲ್ಲಿ ಉಳಿಸಲು ಹೊರಟೆ. ಕೆಲವು ಅಕ್ಷರಗಳು ನಷ್ಟವಾದಾವು ಎಂಬ ಎಚ್ಚರಿಕೆ ಇಂಗ್ಲಿಷಿನಲ್ಲಿ ಬಂತು. ಓದದೆ ‘ಸರಿ’ ಒತ್ತಿದೆ. ಮತ್ತೆ ತೆರೆದಾಗ ಪುಟದ ತುಂಬ ಪ್ರಶ್ನೆಚಿಹ್ನೆಗಳು! ತಪ್ಪಾಗಿ ಓದಿದ್ದನ್ನು ಸರಿಯಾಗಿ ಓದಿಸಬಹುದು. ಎಲ್ಲ ಅಕ್ಷರಗಳೂ ಒಂದೇ ಚಿಹ್ನೆಯಾದ ಮೇಲೆ ಬೇರ್ಪಡಿಸುವುದೆಂತು?

ಮೊದಲ 40 ಪದಗಳು ಶಿಷ್ಯನ ಬಳಿ ಇದ್ದವು. ಉಳಿದವಕ್ಕಾಗಿ ಮತ್ತೆ ನಾಗಮಂಗಲದ ಬಸ್ಸು ಹತ್ತಿದೆ. ಅಜ್ಜಿ ಏಳನ್ನು ಹಾಡಿ ನಿಲ್ಲಿಸಿದರು. “ಮಿಕ್ಕವು ನೆಪ್ಪಿಗೆ ಬತ್ತಿಲ್ಲ ಕಣ್ ಮೇಷ್ಟ್ರೇ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮಕ್ಕಳಿಗೆ ‘ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರಿಸಿ’ ಎಂದು ಮೂವತ್ತು ವರ್ಷ ಹೇಳಿದವನು ನಾನು.

ಆ ನಾಲ್ಕು ಪದಗಳು ಇಂದಿಗೂ ಸಿಕ್ಕಿಲ್ಲ. ಆ ಏಳನ್ನು ಮಾತ್ರ ಕಾಗದದ ಮೇಲೂ ಬರೆದಿಟ್ಟಿದ್ದೇನೆ.