ಹಕ್ಕಿಗಳ ಹಕ್ಕು

ಆಕಾಶದಲ್ಲಿ ರೆಕ್ಕೆ ಬಿಚ್ಚಿ ಹಾರುವ ಹಕ್ಕಿಗಳನ್ನು ನೀವು ಗಮನಿಸಿಲ್ಲವೇ ಎಂದು ಪವಿತ್ರ ಕುರ್‌ಆನ್ ಮನುಷ್ಯನನ್ನು ಪ್ರಶ್ನಿಸುತ್ತದೆ. ಅಲ್ ಮುಲ್ಕ್ ಅಧ್ಯಾಯದಲ್ಲಿಯೂ ಅನ್ನಹ್ಲ್ ಅಧ್ಯಾಯದಲ್ಲಿಯೂ ಈ ಪ್ರಶ್ನೆಯಿದೆ. ಅಲ್ ಅನ್‌ಆಮ್ ಅಧ್ಯಾಯವು ಇನ್ನೂ ಮುಂದೆ ಹೋಗಿ, ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳೆಂದು ತಿಳಿಸುತ್ತದೆ. ರಾತ್ರಿ ಮಲಗುವ ಮುನ್ನ ಅಲ್ ಮುಲ್ಕ್ ಓದುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಆದರೆ ಬೆಳಗಾದ ಮೇಲೆ ಅಂಗಳದಲ್ಲಿ ಕೂಗುವ ಹಕ್ಕಿಗಳಲ್ಲಿ ಐದರ ಹೆಸರನ್ನು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಈ ಪ್ರಶ್ನೆಗೆ ನಮ್ಮ ಮಟ್ಟಿಗೆ ಉತ್ತರ ಹುಡುಕುವ ಅವಕಾಶ ಒದಗಿದ್ದು ಕಳೆದ ವರ್ಷ ಮನೆಗೆ ಬಂದ ಟೆಲಿಫೋಟೋ ಲೆನ್ಸಿನಿಂದ. ತಂದೆ ಮತ್ತು ಇಬ್ಬರು ಮಕ್ಕಳು, ನಾವು ಮೂವರು ಎರಡು ವರ್ಷ ಕೂಡಿಸಿದ ಹಣದಲ್ಲಿ 150ರಿಂದ 600 ಮಿಲಿಮೀಟರಿನ ಝೂಮ್ ಲೆನ್ಸನ್ನು ಕೊಂಡೆವು. ಮನೆಯಲ್ಲಿ ಚರ್ಚೆಯಾಗದೆ ಇರಲಿಲ್ಲ. ಹಕ್ಕಿ ನೋಡಲು ಇಷ್ಟು ದುಡ್ಡೇ, ಇದು ದುಂದುವೆಚ್ಚವಲ್ಲವೇ ಎಂದು ಉಮ್ಮ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಕೊನೆಗೆ ಅವರೇ ಹೇಳಿದರು: “ತಂದಾಯಿತು. ಇನ್ನು ಅದರ ಹಕ್ಕು ತೀರಿಸಿ.” ಕನ್ನಡದ ‘ಹಕ್ಕು’ ಅರಬಿಯ ‘ಹಕ್ಕ್’ನಿಂದ ಬಂದ ಪದ. ನಮಗೆ ಸಿಗಬೇಕಾದುದು ಎಂಬ ಅರ್ಥದ ಜೊತೆಗೆ ನಾವು ಸಲ್ಲಿಸಬೇಕಾದ ಬಾಧ್ಯತೆ ಎಂಬ ಅರ್ಥವನ್ನೂ ನಮ್ಮ ಹಿರಿಯರು ಅದರಲ್ಲಿ ಉಳಿಸಿಕೊಂಡಿದ್ದಾರೆ.

ಈ ಲೆನ್ಸು ಸುಮಾರು ಎರಡು ಕಿಲೋ ತೂಗುತ್ತದೆ. ದೂರದ ವಸ್ತುವನ್ನು ಹತ್ತಿರ ತರುವಂತೆಯೇ ಕೈಯ ಸಣ್ಣ ನಡುಕವನ್ನೂ ಅದು ದೊಡ್ಡದು ಮಾಡಿ ತೋರಿಸುತ್ತದೆ. ಹಾರುವ ಹಕ್ಕಿಯ ರೆಕ್ಕೆ ಸ್ಪಷ್ಟವಾಗಿ ಮೂಡಬೇಕಾದರೆ ಸೆಕೆಂಡಿನ 1/2000 ಭಾಗದಷ್ಟು ಕಾಲದಲ್ಲಿ ಚಿತ್ರ ತೆಗೆಯಬೇಕು. ಅದಕ್ಕೆ ಧಾರಾಳ ಬೆಳಕು ಬೇಕು. ಆದರೆ ಬಿಸಿಲೇರಿದರೆ ಗದ್ದೆಯ ಮೇಲಿನ ಬಿಸಿಗಾಳಿ ಕಂಪಿಸಿ, ಎಂತಹ ಬೆಲೆಬಾಳುವ ಲೆನ್ಸಿನಲ್ಲಿಯೂ ಚಿತ್ರ ಮಸುಕಾಗುತ್ತದೆ. ಆದ್ದರಿಂದ ಸೂರ್ಯೋದಯದ ನಂತರದ ಎರಡು ಗಂಟೆಗಳೇ ಒಳ್ಳೆಯ ಸಮಯ. ಸುಬಹಿ ನಮಾಝ್ ಮುಗಿಸಿ ಮಸೀದಿಯಿಂದ ನೇರವಾಗಿ ಗದ್ದೆಯ ಬದುವಿಗೆ ನಡೆಯುವವರಿಗೆ ಆ ಸಮಯ ತಾನಾಗಿಯೇ ಸಿಗುತ್ತದೆ.

ಆ ಹೊತ್ತಿನಲ್ಲಿ ಕಂಡದ್ದು ಬಹಳ. ಅಲ್ಲಾಹನ ಮೇಲೆ ನೈಜ ಭರವಸೆಯಿಟ್ಟರೆ, ಬೆಳಿಗ್ಗೆ ಹಸಿದು ಹೊರಟು ಸಂಜೆ ಹೊಟ್ಟೆ ತುಂಬಿ ಮರಳುವ ಹಕ್ಕಿಗಳಂತೆ ನಮಗೂ ಅನ್ನ ದೊರೆಯುವುದೆಂದು ಪ್ರವಾದಿ(ಸ)ರು ಕಲಿಸಿರುವರು. ಈ ಹದೀಸನ್ನು ನಾವು ಅನೇಕ ಬಾರಿ ಕೇಳಿದ್ದೆವು. ಬೆಳ್ಳಕ್ಕಿಯೊಂದು ನೀರಿಗೆ ಕೊಕ್ಕು ಹಾಕಿ ಹಾಕಿ ಬರಿಗೈಯಾಗಿ, ಹೆಜ್ಜೆ ಬದಲಿಸಿ, ಮತ್ತೆ ಕಾದು, ಕೊನೆಗೊಂದು ಸಣ್ಣ ಮೀನನ್ನು ಹಿಡಿಯುವುದನ್ನು ಅರ್ಧ ಗಂಟೆ ಕಣ್ಣು ಕೀಳದೆ ನೋಡಿದಾಗ ‘ಹೊರಟು’ ಎಂಬ ಮಾತಿನ ತೂಕ ಅರಿವಾಯಿತು. ಗೂಡಿನಲ್ಲಿ ಕುಳಿತ ಹಕ್ಕಿಯ ಬಾಯಿಗೆ ಮೀನು ಬಂದು ಬೀಳುವುದಿಲ್ಲ. ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲ. ಚಳಿಗಾಲದ ಒಂದು ಬೆಳಿಗ್ಗೆ, ತಲೆಯ ಮೇಲೆ ಕಿರೀಟ ಹೊತ್ತ ಚಂದ್ರಮುಕುಟ ಹಕ್ಕಿ ನೆಲ ಕುಕ್ಕುತ್ತಿತ್ತು. ಸುಲೈಮಾನ್(ಅ)ರಿಗೆ ಸಬಾ ನಾಡಿನ ಸುದ್ದಿ ತಂದ ಹುದ್‌ಹುದ್ ಇದೇ ಎಂದು ತಿಳಿದ ಕಿರಿಯ ಮಗ, ಕ್ಯಾಮರಾದ ಗುಂಡಿ ಒತ್ತುವುದನ್ನೇ ಮರೆತು ನಿಂತ.

ಇನ್ನು ಈ ಹವ್ಯಾಸ ನಮ್ಮ ಮುಂದಿಟ್ಟ ಗಂಭೀರ ಪ್ರಶ್ನೆಗೆ ಬರೋಣ. ನಮ್ಮ ಮಸೀದಿಗೆ ಸೇರಿದ ಮುರಕಲ್ಲಿನ ಖಾಲಿ ಜಾಗವೊಂದಿದೆ. ಜುಮಾ ದಿನ ವಾಹನಗಳು ರಸ್ತೆಯಲ್ಲಿಯೇ ನಿಂತು ದಾರಿಹೋಕರಿಗೆ ತೊಂದರೆಯಾಗುತ್ತಿದ್ದುದರಿಂದ, ಮಳೆಗಾಲಕ್ಕೆ ಮುನ್ನ ಅದನ್ನು ಸಮತಟ್ಟು ಮಾಡಲು ಸಮಿತಿ ನಿರ್ಧರಿಸಿತ್ತು. ಜೆಸಿಬಿಯ ಬಾಡಿಗೆಯೂ ಮಾತಾಗಿತ್ತು. ಅದೇ ದಿನಗಳಲ್ಲಿ ಜಾಗದ ಒಂದು ಮೂಲೆಯಲ್ಲಿ ಟಿಟ್ಟಿಭ ಹಕ್ಕಿಯೊಂದು ಕುಳಿತಿರುವುದನ್ನು ಮಕ್ಕಳು ಕಂಡರು. ಟಿಟ್ಟಿಭ ಗೂಡು ಕಟ್ಟುವುದಿಲ್ಲ. ಬರಿನೆಲದ ಸಣ್ಣ ತಗ್ಗಿನಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆಯಿಡುತ್ತದೆ. ಕಲ್ಲಿನ ಬಣ್ಣದ ಆ ಮೊಟ್ಟೆಗಳು ಕಾಲಬುಡದಲ್ಲಿದ್ದರೂ ಕಾಣುವುದಿಲ್ಲ. ನಾವು ಹತ್ತಿರ ಹೋದರೆ ಹಕ್ಕಿ ಎದ್ದು ಕಿರುಚುತ್ತದೆ, ಮೊಟ್ಟೆಗಳು ಬಿಸಿಲಿಗೆ ಬೇಯುತ್ತವೆ, ಕಾಗೆಗೆ ದಾರಿ ತೋರಿಸಿದಂತಾಗುತ್ತದೆ. ಆದ್ದರಿಂದ ಮದ್ರಸದ ಮಹಡಿಯ ಕಿಟಕಿಯಿಂದ ಚಿತ್ರ ತೆಗೆದೆವು. ನಡುಹಗಲಿನಲ್ಲಿ ತಾಯಿಯೋ ತಂದೆಯೋ ಎಲ್ಲಿಂದಲೋ ಎದೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು, ಮೊಟ್ಟೆಗಳನ್ನು ತಂಪಾಗಿಸಿ, ಮೇಲೆ ನೆರಳಾಗಿ ನಿಂತಿತ್ತು.

ಆ ಚಿತ್ರವನ್ನು ಇಶಾ ನಮಾಝಿನ ನಂತರ ಸಮಿತಿಯವರಿಗೆ ತೋರಿಸಿದೆವು. ಬಿಸಿಲ ಝಳದಿಂದಾಗಿ ಅದು ಸ್ಪಷ್ಟವಾಗಿರಲಿಲ್ಲ; ಒದ್ದೆಯಾದ ಗರಿ ಮಾತ್ರ ಕಾಣುತ್ತಿತ್ತು. “ನಿಮ್ಮ ಹಕ್ಕಿಗಾಗಿ ಮಳೆ ಕಾಯುತ್ತದೆಯೇ?” ಎಂದು ಸದಸ್ಯರೊಬ್ಬರು ಕೇಳಿದರು. ಅವರ ಮಾತಿನಲ್ಲಿಯೂ ನ್ಯಾಯವಿತ್ತು. ಕೆಸರಿನಲ್ಲಿ ಜಾರುವವರು ನಮ್ಮ ವೃದ್ಧರೇ ತಾನೇ? ಆಗ ಉಸ್ತಾದರು, ಪ್ರಯಾಣವೊಂದರಲ್ಲಿ ಸಹಾಬಿಗಳು ಹಕ್ಕಿಯ ಎರಡು ಮರಿಗಳನ್ನು ತೆಗೆದುಕೊಂಡಾಗ ತಾಯಿಹಕ್ಕಿ ರೆಕ್ಕೆ ಬಡಿಯುತ್ತಾ ಬಂದುದನ್ನೂ, ಪ್ರವಾದಿ(ಸ)ರು ಅದನ್ನು ಕಂಡು ಮರಿಗಳನ್ನು ಮರಳಿಸಲು ಆಜ್ಞಾಪಿಸಿದ್ದನ್ನೂ ನೆನಪಿಸಿದರು. ಇದು ಅಬೂದಾವೂದ್ ಸಂಗ್ರಹದಲ್ಲಿರುವ ಹದೀಸ್. ಅಧ್ಯಕ್ಷರು ಸ್ವಲ್ಪ ಯೋಚಿಸಿ, ಕೆಲಸವನ್ನು ಇನ್ನೊಂದು ತುದಿಯಿಂದ ಆರಂಭಿಸಿ, ಆ ಮೂಲೆಯನ್ನು ಕೊನೆಗೆ ಮಾಡುವುದೆಂದರು. ಹಗ್ಗ ಕಟ್ಟಲಾಯಿತು. ಹತ್ತಿರ ಹೋಗದಂತೆ ನೋಡಿಕೊಳ್ಳುವ ಹೊಣೆಯನ್ನು ಮದ್ರಸದ ಮಕ್ಕಳೇ ಹೊತ್ತರು. ಟಿಟ್ಟಿಭದ ಮೊಟ್ಟೆ ಒಡೆಯಲು ನಾಲ್ಕು ವಾರಗಳಷ್ಟು ಬೇಕು. ಮೂರು ಮರಿಗಳು ಹೊರಬಂದು, ಒಂದು ದಿನದೊಳಗೆ ತಾಯಿಯ ಹಿಂದೆ ಓಡಿದವು. ನಾಲ್ಕನೆಯ ಮೊಟ್ಟೆ ಒಡೆಯಲಿಲ್ಲ. ಈಗ ಆ ಜಾಗದಲ್ಲಿ ವಾಹನಗಳು ನಿಲ್ಲುತ್ತವೆ. ಮಸೀದಿಯ ಕೆಲಸ ಕೆಡಲಿಲ್ಲ. ಸ್ವಲ್ಪ ತಡವಾಯಿತು, ಅಷ್ಟೇ.

ಹಕ್ಕಿ ಛಾಯಾಗ್ರಹಣದಲ್ಲಿ ಅನ್ಯಾಯಕ್ಕೆ ದಾರಿಗಳು ಹಲವು. ಗೂಡು ಸರಿಯಾಗಿ ಕಾಣಲೆಂದು ಮರೆಯಾದ ಟೊಂಗೆಯನ್ನು ಕತ್ತರಿಸುವವರಿದ್ದಾರೆ. ಟೊಂಗೆ ಹೋದರೆ ನೆರಳೂ ಹೋಯಿತು, ಮರೆಯೂ ಹೋಯಿತು. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ನುಡಿಸಿ ಮೋಸದಿಂದ ಕರೆಯುವವರಿದ್ದಾರೆ. ಹಾರುವ ಚಿತ್ರಕ್ಕಾಗಿ ಕಲ್ಲೆಸೆದು ಎಬ್ಬಿಸುವವರೂ ಇದ್ದಾರೆ. ಈ ಲೆನ್ಸಿನ ದೊಡ್ಡ ಉಪಕಾರವೆಂದರೆ ಅದು ನಮ್ಮನ್ನು ದೂರದಲ್ಲಿ ನಿಲ್ಲಿಸುತ್ತದೆ. ಅದನ್ನು ಕೊಂಡ ಮೇಲೆಯೂ ಗೂಡಿನ ಬಳಿಗೆ ನುಗ್ಗುವವನು ಅದರ ಹಕ್ಕನ್ನು ತೀರಿಸಲಿಲ್ಲ.

ಮನುಷ್ಯರ ಹಕ್ಕೂ ಇಲ್ಲಿದೆ. ದೂರದ ಹಕ್ಕಿಯನ್ನು ತೋರಿಸುವ ಲೆನ್ಸು ದೂರದ ಮನೆಯ ಕಿಟಕಿಯನ್ನೂ ತೋರಿಸುತ್ತದೆ. ಇತರರ ಗುಟ್ಟುಗಳನ್ನು ಕೆದಕುವುದನ್ನು ಅಲ್ ಹುಜುರಾತ್ ಅಧ್ಯಾಯ ನಿಷೇಧಿಸಿದೆ. ಹೊಳೆಬದಿಯಲ್ಲಿ ಬಟ್ಟೆ ಒಗೆಯುವ ಹೆಂಗಸರಿದ್ದರೆ ಆ ದಿಕ್ಕಿಗೆ ಕ್ಯಾಮರಾ ಎತ್ತಬಾರದೆಂಬ ನಿಯಮವನ್ನು ನಾವು ಮೊದಲ ದಿನವೇ ಮಾಡಿಕೊಂಡೆವು. ಗದ್ದೆಯ ಯಜಮಾನರ ಅನುಮತಿ ಪಡೆದು, ತೆಗೆದ ಚಿತ್ರಗಳನ್ನು ಅವರಿಗೂ ತೋರಿಸುತ್ತೇವೆ. ಈಗ ಗೀಜಗ ಗೂಡು ನೇಯಲು ತೊಡಗಿದರೆ ಅವರೇ ಹೇಳಿ ಕಳುಹಿಸುತ್ತಾರೆ.

ಈ ದಾರಿಯಲ್ಲಿ ನಮಗೊಬ್ಬ ಹಿರಿಯರಿದ್ದಾರೆ. 1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಸಲೀಂ ಅಲಿ ಎಳವೆಯಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಆಟದ ಏರ್‌ಗನ್ನಿನಿಂದ ಗುಬ್ಬಚ್ಚಿಯೊಂದನ್ನು ಹೊಡೆದಾಗ ಅದರ ಕತ್ತಿನಲ್ಲಿ ಹಳದಿ ಗುರುತು ಕಂಡು, ಇದನ್ನು ತಿನ್ನಬಹುದೇ ಎಂಬ ಸಂಶಯ ಬಂದು ಬಾಲಕ ಮಾವನ ಬಳಿಗೆ ಹೋದನು. ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಹಲಾಲ್ ಹರಾಮಿನ ಒಂದು ಸಣ್ಣ ಎಚ್ಚರಿಕೆ ಭಾರತದ ಅತಿ ದೊಡ್ಡ ಪಕ್ಷಿತಜ್ಞರನ್ನು ರೂಪಿಸಿತು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿರುವ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದುದರ ಹಿಂದೆ ಅವರ ಒತ್ತಾಸೆಯಿತ್ತು. ಇಂದು ನಾವು ಮಕ್ಕಳನ್ನು ಕರೆದುಕೊಂಡು ಹೋಗಿ ಬಣ್ಣದ ಕೊಕ್ಕರೆಗಳನ್ನೂ ಹೆಜ್ಜಾರ್ಲೆಗಳನ್ನೂ ನೋಡಿ ನಲಿಯುವಾಗ ಆ ಋಣವನ್ನು ನೆನೆಯಬೇಕು.

ಇದಕ್ಕೆಲ್ಲ ದುಬಾರಿ ಲೆನ್ಸು ಅನಿವಾರ್ಯವಲ್ಲ. ಒಂದು ನೋಟ್‌ಪುಸ್ತಕ ಸಾಕು. ಸುಬಹಿಯ ನಂತರ ಕಾಲು ಗಂಟೆ ಮಕ್ಕಳೊಂದಿಗೆ ಅಂಗಳದಲ್ಲಿ ಕುಳಿತು ಕಂಡ ಹಕ್ಕಿಗಳನ್ನು ಬರೆಯಿರಿ. ಹೆಸರು ತಿಳಿಯದಿದ್ದರೆ ನೆರೆಯ ರೈತರನ್ನು ಕೇಳಿರಿ. ಬೇಸಿಗೆಯಲ್ಲಿ ಮಣ್ಣಿನ ಬಟ್ಟಲೊಂದರಲ್ಲಿ ನೀರಿಡಿರಿ, ದಿನವೂ ಬದಲಿಸಿರಿ. ನೋಡಿ ಎಂದ ಸೃಷ್ಟಿಕರ್ತನ ಕರೆಗೆ ಓಗೊಡಲು ಅವನು ಕೊಟ್ಟ ಎರಡು ಕಣ್ಣುಗಳಿವೆ. ಅವುಗಳಿಗೂ ಒಂದು ಹಕ್ಕಿದೆ.